ಸಂವಹನ ಓದುವವರಿಗೆ ಮುಕ್ತ ಪಠ್ಯ: ಹುಡುಕುವುದು, ಇಳಿಸುವುದು, ಕನ್ನಡಕ್ಕೆ ತರುವುದು

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ಆಯ್ದುಕೊಂಡವರ ಕೈಗೆ ಸುಲಭವಾಗಿ ಸಿಗುವುದು ತೆಳ್ಳನೆಯ ಗೈಡು. ನೆಟ್‌ನಲ್ಲಿ ಪುಕ್ಕಟೆ ಸಾಮಗ್ರಿಗೇನೂ ಬರವಿಲ್ಲ. ಆದರೆ ಪುಕ್ಕಟೆ ಬೇರೆ, ಮುಕ್ತ ಬೇರೆ. ಪುಕ್ಕಟೆ ಅಂದರೆ ದುಡ್ಡು ಕೊಡದೆ ಓದಬಹುದು, ಅಷ್ಟೇ. ಮುಕ್ತ ಅಂದರೆ ಇಳಿಸಿಟ್ಟುಕೊಳ್ಳಬಹುದು, ಜೆರಾಕ್ಸ್ ಮಾಡಿ ಹಂಚಬಹುದು, ಕನ್ನಡಕ್ಕೆ ತಂದು ನಮ್ಮೂರಿನ ಉದಾಹರಣೆ ಸೇರಿಸಬಹುದು. ಕನ್ನಡ ಮಾಧ್ಯಮದವರಿಗೆ ಬೇಕಾದದ್ದು ಈ ಎರಡನೆಯದು.

ಯಾವುದು ಯಾವ ಬಗೆಯದು ಎಂದು ತಿಳಿಯಲು ಪುಸ್ತಕದ ಮೊದಲ ಎರಡು ಮೂರು ಪುಟಗಳಲ್ಲಿ ಅಥವಾ ಪುಟದ ಅಡಿಯಲ್ಲಿ ಪರವಾನಗಿಯ ಸಾಲು ನೋಡಿ. ಮುಕ್ತ ಪಠ್ಯಕ್ಕೆ ಹೆಚ್ಚಾಗಿ ಬಳಸುವ ಪರವಾನಗಿಯಾದ ಕ್ರಿಯೇಟಿವ್ ಕಾಮನ್ಸ್‌ನ (ಸಿಸಿ) ನಾಲ್ಕು ಗುರುತು ಗೊತ್ತಿದ್ದರೆ ಸಾಕು. ‘ಬೈ’ ಇದ್ದರೆ ಮೂಲದವರ ಹೆಸರು ಹೇಳಬೇಕು. ‘ಎನ್‌ಸಿ’ ಇದ್ದರೆ ಲಾಭಕ್ಕೆ ಬಳಸುವಂತಿಲ್ಲ, ಗೈಡು ಮಾಡಿ ಮಾರುವಂತಿಲ್ಲ. ‘ಎಸ್‌ಎ’ ಇದ್ದರೆ ನೀವು ಬದಲಿಸಿದ್ದನ್ನೂ ಅದೇ ಪರವಾನಗಿಯಲ್ಲಿ ಹಂಚಬೇಕು. ‘ಎನ್‌ಡಿ’ ಕಂಡರೆ ಇದ್ದದ್ದನ್ನು ಇದ್ದಂತೆ ಹಂಚಬಹುದು, ನಿಮ್ಮ ಅನುವಾದವನ್ನು ಮಾತ್ರ ಹಂಚುವಂತಿಲ್ಲ. ಯಾವ ಗುರುತೂ ಇಲ್ಲದಿದ್ದರೆ ಎಲ್ಲ ಹಕ್ಕೂ ಅವರದೇ ಎಂದು ತಿಳಿಯಿರಿ.

ಮೊದಲು ಸಿಲಬಸ್

ಹುಡುಕಾಟಕ್ಕೆ ಕೂರುವ ಮುನ್ನ ಸಿಲಬಸ್ ಎದುರಿಗಿಟ್ಟುಕೊಂಡು ಒಂದೊಂದು ವಿಷಯದ ಪಕ್ಕದಲ್ಲೂ ಅದರ ಇಂಗ್ಲಿಷ್ ಹೆಸರು ಬರೆಯಿರಿ. ‘ಸಂವಹನದ ಮಾದರಿಗಳು’ ಎಂದು ಕನ್ನಡದಲ್ಲಿ ಹುಡುಕಿದರೆ ಸಿಗುವುದು ನಾಲ್ಕೈದು ಪುಟದ ನೋಟ್ಸು. ಅದನ್ನೇ ಇಂಗ್ಲಿಷಿನಲ್ಲಿ ಹುಡುಕಿದರೆ ಇಡೀ ಅಧ್ಯಾಯ ಬರುತ್ತದೆ. ಇಡೀ ಪುಸ್ತಕ ಓದುವ ಹಟ ಬೇಡ. ನಿಮ್ಮ ಒಂದು ಯುನಿಟ್‌ಗೆ ಒಂದೋ ಎರಡೋ ಅಧ್ಯಾಯ ಸಾಕು.

ಮುಕ್ತ ಪಠ್ಯಕ್ಕೆ ಮೊದಲು ನೋಡಬೇಕಾದದ್ದು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಓಪನ್ ಟೆಕ್ಸ್ಟ್‌ಬುಕ್ ಲೈಬ್ರರಿ. ಸಂವಹನದ ಮೂಲ ಪಾಠಕ್ಕೆ ಅಲ್ಲಿನ ‘ಕಮ್ಯುನಿಕೇಶನ್ ಇನ್ ದ ರಿಯಲ್ ವರ್ಲ್ಡ್’, ಪತ್ರಿಕೆ, ರೇಡಿಯೊ, ಸಿನಿಮಾಕ್ಕೆ ‘ಅಂಡರ್‌ಸ್ಟ್ಯಾಂಡಿಂಗ್ ಮೀಡಿಯಾ ಆ್ಯಂಡ್ ಕಲ್ಚರ್’. ಎರಡೂ ಅದೇ ವಿಶ್ವವಿದ್ಯಾಲಯದ ಗ್ರಂಥಾಲಯ ಪ್ರಕಾಶನದಿಂದ 2016ರಲ್ಲಿ ಬಂದವು, ಎರಡಕ್ಕೂ ಬೈ-ಎನ್‌ಸಿ-ಎಸ್‌ಎ ಪರವಾನಗಿ. ಎರಡನೆಯದನ್ನು ಎಚ್ಚರದಿಂದ ಓದಿ. ಅದು ಹೇಳುವುದು ಅಮೆರಿಕದ ಪತ್ರಿಕೆಗಳ ಚರಿತ್ರೆ. ಭಾರತದ ಮೊದಲ ಪತ್ರಿಕೆ 1780ರ ಹಿಕ್ಕಿ ಗೆಜೆಟ್, ಕನ್ನಡದ ಮೊದಲ ಪತ್ರಿಕೆ 1843ರ ‘ಮಂಗಳೂರು ಸಮಾಚಾರ’ಕ್ಕೆ ಬೇರೆ ಮೂಲವನ್ನೇ ಹುಡುಕಬೇಕು. ಸುಳ್ಳು ಸುದ್ದಿಯ ಪಾಠಕ್ಕೆ ಯುನೆಸ್ಕೊ 2018ರಲ್ಲಿ ತಂದ ಪತ್ರಿಕೋದ್ಯಮ ಶಿಕ್ಷಣದ ಕೈಪಿಡಿ ಇದೆ. ಏಳು ಭಾಗ, ಬೈ-ಎಸ್‌ಎ ಪರವಾನಗಿ.

ನಮ್ಮ ದೇಶದ್ದೇ ಬೇಕೆಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ಪಾಠಗಳ ತಾಣ ಇ-ಜ್ಞಾನಕೋಶ. ಕೋರ್ಸು, ಬ್ಲಾಕು, ಯುನಿಟ್ ಎಂದು ಒಂದರೊಳಗೊಂದು ತೆರೆಯುತ್ತ ಹೋದರೆ ಕೊನೆಗೆ ಪಿಡಿಎಫ್ ಸಿಗುತ್ತದೆ. ನಡುನಡುವೆ ಪ್ರಶ್ನೆಗಳು ಇರುವುದರಿಂದ ಪರೀಕ್ಷೆಯ ತಯಾರಿಗೆ ಇದು ಬಲು ಅನುಕೂಲ. ಆದರೆ ಬೇರೆ ಸೂಚನೆ ಇಲ್ಲದಿದ್ದರೆ ಹಕ್ಕುಗಳೆಲ್ಲ ಕಾದಿರಿಸಲಾಗಿದೆ ಎಂದು ಅಲ್ಲೇ ಬರೆದಿದೆ. ಅಂದರೆ ಓದಬಹುದು, ಆದರೆ ಅನುವಾದಿಸಿ ಹಂಚುವಂತಿಲ್ಲ. ಸ್ನಾತಕೋತ್ತರದವರಿಗೆ ಇ-ಪಿಜಿ ಪಾಠಶಾಲಾ. ಪ್ರಬಂಧ ಬರೆಯುವವರು ಶೋಧಗಂಗಾ ತಾಣದಲ್ಲಿರುವ ಸಂಶೋಧನಾ ಮಹಾಪ್ರಬಂಧಗಳ ಆಕರಪಟ್ಟಿಯನ್ನು ಮೊದಲು ಓದಲಿ, ಅರ್ಧ ಹುಡುಕಾಟ ಅಲ್ಲೇ ಮುಗಿಯುತ್ತದೆ.

ಕೇಂದ್ರ ಸರ್ಕಾರದ ‘ಸ್ವಯಂ’ ತಾಣದ ಆನ್‌ಲೈನ್ ಕೋರ್ಸುಗಳಿಗೆ ಸೇರುವುದು, ಓದುವುದು ಪುಕ್ಕಟೆ. ಪ್ರಮಾಣಪತ್ರ ಬೇಕಾದರೆ ಪರೀಕ್ಷೆಗೆ ಶುಲ್ಕವಿದೆ. ಅಲ್ಲಿ ಐಐಟಿಗಳು ನಡೆಸುವ ಎನ್‌ಪಿಟಿಇಎಲ್‌ನ ಕೋರ್ಸಾದರೆ ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75 ಅಂಕ. ಪಾಸಾಗಲು ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 30 ಬರಲೇಬೇಕು. ಪರೀಕ್ಷೆಯಲ್ಲಿ 60 ತೆಗೆದರೂ ಅಸೈನ್‌ಮೆಂಟ್ ಬಿಟ್ಟವರಿಗೆ ಪ್ರಮಾಣಪತ್ರವಿಲ್ಲ. ಆ ಕ್ರೆಡಿಟ್ ನಿಮ್ಮ ಪದವಿಗೆ ಸೇರುತ್ತದೆಯೇ ಎಂದು ಸೇರುವ ಮುನ್ನವೇ ಕಾಲೇಜಿನಲ್ಲಿ ಕೇಳಿ.

ಇಳಿಸುವಾಗ

ಮೊಬೈಲಿನಲ್ಲಿ ಓದುವವರು ಇ-ಪಬ್ ಎಂಬ ಇ-ಪುಸ್ತಕದ ಕಡತ ಇಳಿಸಿಕೊಳ್ಳಿ. ಅದರಲ್ಲಿ ಅಕ್ಷರ ದೊಡ್ಡದು ಮಾಡಿದರೆ ಸಾಲು ತಾನೇ ಮಡಚಿಕೊಳ್ಳುತ್ತದೆ. ಪಿಡಿಎಫ್‌ನಲ್ಲಿ ಸಾಲುಸಾಲಿಗೂ ಪುಟವನ್ನು ಅತ್ತಿತ್ತ ಎಳೆಯಬೇಕು. ಜೆರಾಕ್ಸ್‌ಗೆ ಮಾತ್ರ ಪಿಡಿಎಫ್. ಹಾಳೆಯ ಒಂದು ಬದಿಗೆ ಎರಡು ಪುಟ, ಎರಡೂ ಬದಿ ಎಂದು ಹೇಳಿದರೆ 40 ಪುಟದ ಅಧ್ಯಾಯ 10 ಹಾಳೆಯಲ್ಲಿ ಮುಗಿಯುತ್ತದೆ.

ಒಂದು ಭಾಗವನ್ನು ಕನ್ನಡಕ್ಕೆ ತರುವುದು

‘ರಿಯಲ್ ವರ್ಲ್ಡ್’ ಪುಸ್ತಕದ ಮೊದಲ ಅಧ್ಯಾಯದ ಎರಡನೇ ಭಾಗದಲ್ಲಿ ಸಂವಹನದ ಮಾದರಿಗಳಿವೆ. ಅಲ್ಲಿ ‘ನಾಯ್ಸ್’ ಎಂಬ ಮಾತು ಬರುತ್ತದೆ, ಸಂದೇಶ ಸರಿಯಾಗಿ ತಲುಪದಂತೆ ಅಡ್ಡ ಬರುವುದು ಎಂದು ಅರ್ಥ. ಯಂತ್ರಾನುವಾದ ಅದನ್ನು ‘ಶಬ್ದ’ ಎಂದರೆ ಅರ್ಥ ಕೆಡುತ್ತದೆ, ಏಕೆಂದರೆ ಕನ್ನಡದಲ್ಲಿ ಶಬ್ದ ಅಂದರೆ ಪದವೂ ಹೌದು. ‘ಅಡಚಣೆ’ ಅನ್ನಿ. ಸಂದೇಶ ಸಾಗುವ ದಾರಿಯಾದ ‘ಚಾನೆಲ್’ ಕಾಲುವೆಯಾದರಂತೂ ಸಂವಹನದ ಪಾಠ ಘಟಪ್ರಭಾ ನೀರಾವರಿಗೆ ಹೋಗಿ ನಿಲ್ಲುತ್ತದೆ. ಹಾಗಾಗಿ ಯಂತ್ರಕ್ಕೆ ಕೊಡುವ ಮುನ್ನ ಇಪ್ಪತ್ತು ಇಪ್ಪತ್ತೈದು ಪಾರಿಭಾಷಿಕ ಪದಗಳ ಪಟ್ಟಿ ಮಾಡಿ, ಕನ್ನಡ ಪದ ಗೊತ್ತುಮಾಡಿಕೊಂಡು, ಬಂದ ಅನುವಾದದಲ್ಲಿ ಒಂದೊಂದನ್ನೇ ತಿದ್ದಿ.

ಆಮೇಲೆ ಉದಾಹರಣೆ ಬದಲಿಸಿ. ಪುಸ್ತಕ ಪರಿಸರದ ಅಡಚಣೆ, ಅರ್ಥದ ಅಡಚಣೆ ಎಂದು ಎರಡು ಹೇಳುತ್ತದೆ. ವಿಜಯಪುರದ ಬಸ್ ನಿಲ್ದಾಣ ಎರಡಕ್ಕೂ ಸಾಕು. ಮೈಕಿನಲ್ಲಿ ಸಿಂದಗಿ ಬಸ್ಸಿನ ಪ್ಲಾಟ್‌ಫಾರ್ಮ್ ನಂಬರ್ ಕೂಗುವಾಗ ಪಕ್ಕದ ಬಸ್ಸು ಹಾರ್ನ್ ಹೊಡೆದು ನಂಬರ್ ಮುಚ್ಚಿಹೋದರೆ ಅದು ಪರಿಸರದ್ದು. ಸೊಲ್ಲಾಪುರದಿಂದ ಬಂದ, ಮರಾಠಿ ಮಾತ್ರ ಬಲ್ಲ ಅಜ್ಜಿಗೆ ಆ ಕೂಗು ಸ್ಪಷ್ಟವಾಗಿ ಕೇಳಿಯೂ ತಿಳಿಯದಿದ್ದರೆ ಅದು ಅರ್ಥದ್ದು. ಮೈಕಿನ ದನಿ ಏರಿಸಿದರೆ ಮೊದಲನೆಯದು ಕಡಿಮೆಯಾದೀತು, ಎರಡನೆಯದು ಒಂದಿಷ್ಟೂ ಆಗದು. ಪರೀಕ್ಷೆಯಲ್ಲಿ ಎರಡರ ವ್ಯತ್ಯಾಸ ಕೇಳಿದರೆ ಬರೆಯಬೇಕಾದದ್ದು ಇದನ್ನೇ.

ಹಂಚುವ ಪ್ರತಿಯ ಕೊನೆಗೆ ಈ ಸಾಲು ಇರಲಿ: ‘ಮೂಲ: ಕಮ್ಯುನಿಕೇಶನ್ ಇನ್ ದ ರಿಯಲ್ ವರ್ಲ್ಡ್, ಮಿನ್ನೆಸೋಟ ವಿಶ್ವವಿದ್ಯಾಲಯ ಗ್ರಂಥಾಲಯ ಪ್ರಕಾಶನ, 2016. ಅಧ್ಯಾಯ 1, ಭಾಗ 2ರ ಕನ್ನಡ ರೂಪ. ಉದಾಹರಣೆಗಳನ್ನು ಬದಲಿಸಲಾಗಿದೆ. ಪರವಾನಗಿ: ಸಿಸಿ ಬೈ-ಎನ್‌ಸಿ-ಎಸ್‌ಎ 4.0.’ ಜೊತೆಗೆ ಮೂಲದ ಕೊಂಡಿ. ಲೇಖಕರ ಹೆಸರು ಕಾಣಲಿಲ್ಲವೆಂದು ಗಾಬರಿ ಬೇಡ, ಮೊದಲ ಪ್ರಕಾಶಕರ ಕೋರಿಕೆಯಂತೆ ಅದನ್ನು ತೆಗೆಯಲಾಗಿದೆ. ಪುಸ್ತಕದ ಚಿತ್ರಗಳಿಗೆ ಬೇರೆ ಪರವಾನಗಿ ಇರಬಹುದು. ಚಿತ್ರದಡಿಯ ಸಾಲು ಓದದೆ ಎತ್ತಬೇಡಿ.

ಇನ್ನೊಂದು ತೊಡಕು, ಬಹಳ ಮಂದಿ ಎಡವುವುದು ಇಲ್ಲೇ. ಈ ಭಾಗದ ನಡುವೆ ಕನ್ನಡ ವಿಕಿಪೀಡಿಯದ ಎರಡು ಪ್ಯಾರಾ ಬೆರೆಸಿ ಒಂದೇ ಪಾಠ ಮಾಡುತ್ತಾರೆ. ವಿಕಿಪೀಡಿಯ ಬೈ-ಎಸ್‌ಎ, ಪುಸ್ತಕ ಬೈ-ಎನ್‌ಸಿ-ಎಸ್‌ಎ. ಬೆರೆತದ್ದು ನನ್ನ ಪರವಾನಗಿಯಲ್ಲೇ ಇರಬೇಕು ಎಂದು ಎರಡೂ ಹಟ ಹಿಡಿಯುವುದರಿಂದ ಬೆರಕೆ ನಿಲ್ಲುವುದಿಲ್ಲ. ಎರಡನ್ನೂ ಬೇರೆ ಬೇರೆ ಟಿಪ್ಪಣಿಯಾಗಿಟ್ಟು, ಒಂದೊಂದರಡಿ ಅದರದರ ಪರವಾನಗಿ ಬರೆದರೆ ಒಂದೇ ಕಟ್ಟಿನಲ್ಲಿ ಹಂಚಬಹುದು.

ಹಳೆಯ ಕನ್ನಡ ಪಿಡಿಎಫ್

ಕನ್ನಡ ಪಿಡಿಎಫ್‌ನಿಂದ ನಕಲು ಮಾಡಿದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬಂದರೆ ಅದು ಈಗ ಎಲ್ಲೆಡೆ ನಡೆಯುವ ಅಕ್ಷರ ಸಂಕೇತವಾದ ಯುನಿಕೋಡ್ ಅಲ್ಲ, ಹಳೆಯ ‘ನುಡಿ’ ತಂತ್ರಾಂಶದಂಥದರ ಫಾಂಟು. ಯುನಿಕೋಡ್ ಪರಿವರ್ತಕಕ್ಕೆ ಹಾಕಿ. ಅಕ್ಷರ ಆಯ್ಕೆಯೇ ಆಗದಿದ್ದರೆ ಅದು ಸ್ಕ್ಯಾನ್ ಪ್ರತಿ. ಕಂಪ್ಯೂಟರಿನಲ್ಲಿ ಗೂಗಲ್ ಡ್ರೈವ್‌ಗೆ ಏರಿಸಿ, ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರ ಗುರುತಿಸಿ ಕೊಡುತ್ತದೆ. ಕಡತ 2 ಎಂಬಿ ದಾಟಬಾರದು, ದೊಡ್ಡದನ್ನು ತುಂಡು ಮಾಡಿ. ಪುಟ ಸೊಟ್ಟಗಿದ್ದರೆ ಮೊದಲು ನೇರ ಮಾಡಿ.

ಬಂದ ಪಠ್ಯದಲ್ಲಿ ಒತ್ತಕ್ಷರ, ಅರ್ಕಾವತ್ತು, ಧ ಮತ್ತು ಥ ತಿದ್ದಬೇಕಾಗುತ್ತದೆ. ಕಣ್ಣಿಗೆ ಬೀಳದ ತಪ್ಪು ಅನುಸ್ವಾರದ್ದು. ಅದರ ಜಾಗದಲ್ಲಿ ಕನ್ನಡ ಸೊನ್ನೆ ಕೂತಿರುತ್ತದೆ, ನೋಡಲು ಎರಡೂ ಒಂದೇ. ‘ಸಂವಹನ’ ಎಂದು ಹುಡುಕಿದಾಗ ಎದುರಿಗಿರುವ ಪದವೇ ಸಿಗದಿದ್ದರೆ ಕಾರಣ ಇದು. ಹುಡುಕಿ-ಬದಲಿಸುವ ಆಯ್ಕೆಯಲ್ಲಿ ೦ ಹಾಕಿ ಒಂದೊಂದನ್ನೇ ನೋಡಿ ಬದಲಿಸಿ. ಎಲ್ಲವನ್ನೂ ಒಮ್ಮೆಗೇ ಬದಲಿಸಿದರೆ ಕನ್ನಡ ಅಂಕಿಯಲ್ಲಿರುವ ಇಸವಿಗಳ ಸೊನ್ನೆಯೂ ಅನುಸ್ವಾರವಾಗಿಬಿಡುತ್ತದೆ.