ಚಿಪ್ ಪರೀಕ್ಷೆಯ ಫೈಲ್ ಕೈಗೆ ಬಂದಾಗ ಹೇಗೆ ಓದಬೇಕು

ಮನುಷ್ಯರ ಮೇಲೆ ಔಷಧ ಪ್ರಯೋಗ ಮಾಡಬಹುದೇ ಅಂತ ಫೈಲ್ ನೋಡಿ ತೀರ್ಮಾನಿಸುವ ಮಡಿಕೇರಿಯ ಒಂದು ಎಥಿಕ್ಸ್ ಕಮಿಟಿಯಲ್ಲಿ ನಾನು ಜನಸಾಮಾನ್ಯರ ಪರವಾಗಿ ಕೂರುವ ಸದಸ್ಯ. ಕಸುಬು ಕಾಫಿ ತೋಟ. ಔಷಧ ಪ್ರಯೋಗದ 2019ರ ನಿಯಮಗಳ ಪ್ರಕಾರ ಡಾಕ್ಟರುಗಳ ಜೊತೆ ನನ್ನಂಥವರೂ ಒಬ್ಬರು ಇರಲೇಬೇಕು. 2023ರ ಮಾರ್ಚಿನಲ್ಲಿ ಆ ನಿಯಮಗಳಿಗೆ ತಿದ್ದುಪಡಿ ಬಂತು. ಪ್ರಾಣಿಗಳ ಬದಲು ‘ಆರ್ಗನ್ ಆನ್ ಚಿಪ್’ನಂಥ ಪರೀಕ್ಷೆಗಳಿಗೂ ದಾರಿಯಾಯಿತು. ಹೊಸದಾಗಿ ಕಮಿಟಿಗೆ ಸೇರುವವರಿಗೆ ಅಂತ ಇದನ್ನು ಬರೆಯುತ್ತಿದ್ದೇನೆ.

ಚಿಪ್ ಅಂದರೆ ಪೆನ್‌ಡ್ರೈವ್‌ನಷ್ಟು ದೊಡ್ಡ ಮೆತ್ತನೆಯ ತುಂಡು, ಒಳಗೆ ಸಣ್ಣ ಕಾಲುವೆಗಳು. ಲಿವರ್ ಚಿಪ್ ಆದರೆ ಒಂದು ಕಾಲುವೆಯಲ್ಲಿ ಮನುಷ್ಯರ ಲಿವರ್‌ನ ಜೀವಕೋಶ, ಪಕ್ಕದ್ದರಲ್ಲಿ ರಕ್ತನಾಳದ ಜೀವಕೋಶ. ರಕ್ತದ ಬದಲು ಪೋಷಕ ದ್ರವ ಹರಿಯುತ್ತದೆ.

ಮೊದಲು ಕೇಳಬೇಕಾದ್ದು: ಈ ಚಿಪ್ಪನ್ನು ಯಾವ ಪ್ರಶ್ನೆಗೆ ಅಂತ ಪರೀಕ್ಷಿಸಿ ಒಪ್ಪಿದ್ದಾರೆ? ಒಂದು ವರ್ಷ ವ್ಯಾಪಾರಿಯೊಬ್ಬರು ನಮ್ಮ ಕಣದಲ್ಲಿದ್ದ ರೊಬಸ್ಟಾ ಚೆರ್ರಿಯನ್ನು (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಪಾರ್ಚ್‌ಮೆಂಟ್‌ಗೆ (ಸಿಪ್ಪೆ ತೆಗೆದು ಒಣಗಿಸಿದ ಬೀಜ) ಸೆಟ್ ಮಾಡಿದ ತೇವ ಅಳೆಯುವ ಮೀಟರಿನಲ್ಲಿ ಅಳೆದರು. ತೇವ ಜಾಸ್ತಿ ಅಂತ ಚೀಲಕ್ಕಿಷ್ಟು ಹಣ ಮುರಿದುಕೊಂಡರು. ಮೀಟರ್ ಕೆಟ್ಟಿರಲಿಲ್ಲ, ಅದಕ್ಕೆ ಗೊತ್ತಿಲ್ಲದ್ದನ್ನು ಕೇಳಿದ್ದರು. ಚಿಪ್ಪಿಗೂ ಹಾಗೇ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರಲ್ಲಿ ಒಂದು ಲಿವರ್ ಚಿಪ್ಪನ್ನು ಪರಿಶೀಲನೆಗೆ ತೆಗೆದುಕೊಂಡಿದ್ದು ಔಷಧದಿಂದ ಲಿವರ್‌ಗೆ ಹಾನಿಯಾದೀತೇ ಅನ್ನುವ ಪ್ರಶ್ನೆಗೆ. ಅದನ್ನು ತೋರಿಸಿ ಹೃದಯಕ್ಕೂ ತೊಂದರೆಯಿಲ್ಲ ಅಂದರೆ ಒಪ್ಪಬೇಡಿ.

ಆಮೇಲೆ ದಿನ ಎಣಿಸಿ. 1993ರಲ್ಲಿ ಅಮೆರಿಕದಲ್ಲಿ ಫಿಯಾಲುರಿಡಿನ್ ಅನ್ನುವ ಹೆಪಟೈಟಿಸ್ ಬಿ ಔಷಧವನ್ನು 15 ಜನರಿಗೆ ಕೊಟ್ಟರು. ಪ್ರಾಣಿಗಳಲ್ಲಿ ಲಿವರ್‌ಗೆ ಏನೂ ಆಗಿರಲಿಲ್ಲ. 13ನೇ ವಾರದಲ್ಲಿ ಒಬ್ಬರ ಲಿವರ್ ಇದ್ದಕ್ಕಿದ್ದಂತೆ ಕೈಕೊಟ್ಟಿತು. ಕೊನೆಗೆ ಐದು ಜನ ತೀರಿಕೊಂಡರು. ಇದನ್ನು ನೆನೆದಾಗೆಲ್ಲ ನನಗೆ ಹೊಟ್ಟೆ ಕಿವುಚುತ್ತದೆ. ಪ್ರಾಣಿ ಪರೀಕ್ಷೆಯೊಂದನ್ನೇ ನಂಬಿ ಕೂರಬಾರದು ಅನ್ನುವುದಕ್ಕೂ ಇದೇ ಕಾರಣ, ಚಿಪ್ಪನ್ನು ಕಣ್ಣು ಮುಚ್ಚಿ ನಂಬಬಾರದು ಅನ್ನುವುದಕ್ಕೂ ಇದೇ. ಫೈಲಿನಲ್ಲಿ ಚಿಪ್ ಓಡಿದ್ದು ಏಳು ದಿನ, ರೋಗಿಗಳು ಔಷಧ ನುಂಗಬೇಕಾದ್ದು ಆರು ತಿಂಗಳು ಅಂತಿದ್ದರೆ, ನಡುವಿನ ಕಾಲಕ್ಕೆ ರಕ್ತಪರೀಕ್ಷೆ ಎಷ್ಟು ಸಲ ಇಟ್ಟಿದ್ದೀರಿ ಅಂತ ಕೇಳಲೇಬೇಕು ಅಲ್ವಾ?

ಜೀವಕೋಶ ಎಷ್ಟು ಜನರದ್ದು, ಅವರ ಒಪ್ಪಿಗೆ ಇತ್ತೇ ಅಂತಲೂ ನೋಡಿ. ಒಬ್ಬರದ್ದೇ ಆದರೆ ಅದು ಒಬ್ಬರ ಲಿವರ್‌ನ ಮಾತು ಅಷ್ಟೇ.

ಇನ್ನೊಂದು ಸಂಗತಿ ಡಾಕ್ಟರುಗಳ ಕಣ್ಣಿಗೂ ತಪ್ಪಬಹುದು. ತುಂಬಾ ಚಿಪ್ಪುಗಳನ್ನು ಪಿಡಿಎಂಎಸ್ ಅನ್ನುವ ಸಿಲಿಕೋನ್‌ನಲ್ಲಿ ಮಾಡುತ್ತಾರೆ. ಎಣ್ಣೆಯಲ್ಲಿ ಕರಗುವಂಥ ಔಷಧವನ್ನು ಅದೇ ಹೀರಿಕೊಂಡುಬಿಡುತ್ತದೆ. ಆಗ ಜೀವಕೋಶಕ್ಕೆ ಔಷಧ ಮುಟ್ಟಿರುವುದೇ ಕಮ್ಮಿ, ಫಲಿತಾಂಶ ಮಾತ್ರ ‘ಸುರಕ್ಷಿತ’. ಹೊರಬಂದ ದ್ರವದಲ್ಲಿ ಔಷಧ ಎಷ್ಟಿತ್ತು ಅಂತ ಅಳೆದ ಲೆಕ್ಕ ಕೇಳಿ.

2022ರಲ್ಲಿ 870 ಲಿವರ್ ಚಿಪ್ಪುಗಳಲ್ಲಿ 27 ಔಷಧಗಳನ್ನು ನೋಡಿದ ಅಧ್ಯಯನ ಪ್ರಕಟವಾಯಿತು. ಹಾನಿಕರ ಔಷಧಗಳಲ್ಲಿ ಶೇ. 87ರಷ್ಟನ್ನು ಚಿಪ್ ಹಿಡಿಯಿತು, ಸುರಕ್ಷಿತವಾದದ್ದನ್ನು ಒಂದನ್ನೂ ತಪ್ಪಾಗಿ ದೂರಲಿಲ್ಲ. ತುಂಬಾ ಒಳ್ಳೆಯ ಕೆಲಸ. ಆದರೂ ಉಳಿದ ಶೇ. 13 ಅದರ ಕೈ ತಪ್ಪಿಸಿಕೊಂಡಿತು.

ಕಡೆಗೆ ಒಪ್ಪಿಗೆ ಪತ್ರದ ಕನ್ನಡ ಪ್ರತಿ ತೆಗೆಯಿರಿ. ‘ಮಾನವ ಅಂಗದ ಮೇಲೆ ಪರೀಕ್ಷಿಸಲಾಗಿದೆ’ ಅಂತಿದ್ದರೆ ಹೊಡೆದು ಹಾಕಿಸಿ. ನಮ್ಮ ತೋಟದ ಲೈನ್ ಮನೆಯ ಕೆಲಸದವರು ಓದಿದರೆ, ಆಗಲೇ ಮನುಷ್ಯರಿಗೆ ಕೊಟ್ಟು ನೋಡಿದ್ದಾರೆ ಅಂದುಕೊಳ್ಳುತ್ತಾರೆ. ‘ಲ್ಯಾಬಿನಲ್ಲಿ ಬೆಳೆಸಿದ ಮನುಷ್ಯರ ಜೀವಕೋಶಗಳ ಮೇಲೆ ನೋಡಿದ್ದೇವೆ, ಮನುಷ್ಯರಿಗೆ ಇನ್ನೂ ಕೊಟ್ಟಿಲ್ಲ’ ಅಂತ ಬರೆಸಿ. ಬರೆದದ್ದನ್ನು ಜೋರಾಗಿ ಓದಿಸಿ, ಆಮೇಲೆ ಸಹಿ ಹಾಕಿ.