ಮೊದಲು ಅಳತೆ ಬ್ಲೌಸ್, ನಂಬರ್ ಆಮೇಲೆ

ನಿಟ್ಟುವಳ್ಳಿಯ ನನ್ನ ಅಂಗಡಿಯಲ್ಲಿ ಬ್ಲೌಸ್ ಹೊಲಿಸುತ್ತಿದ್ದ ಎಷ್ಟೋ ಹುಡುಗಿಯರು ಈಗ ಬೆಂಗಳೂರು, ಪುಣೆ ಸೇರಿದ್ದಾರೆ. ಬಟ್ಟೆ ಮಾತ್ರ ಇನ್ನೂ ದಾವಣಗೆರೆಗೇ ಬರುತ್ತದೆ, ಪಾರ್ಸೆಲ್‌ನಲ್ಲಿ. ಅಳತೆ ವಾಟ್ಸಾಪ್‌ನಲ್ಲಿ. ಎಡವಟ್ಟು ಆಗುವುದೇ ಅಲ್ಲಿ.

ಹೋದ ಶ್ರಾವಣದಲ್ಲಿ ಒಬ್ಬಳು "ಅಕ್ಕಾ, ಎದೆ 36" ಅಂತ ಕಳಿಸಿದಳು. ಮೈ ಅಳತೆ ಅಂದುಕೊಂಡು ನಾನು 2 ಇಂಚು ಸಡಿಲ ಸೇರಿಸಿ ಕತ್ತರಿಸಿದೆ. ಅವಳು ಅಳೆದಿದ್ದು ಹಳೇ ಬ್ಲೌಸನ್ನು! ಸಡಿಲ ಅದರಲ್ಲಿ ಮೊದಲೇ ಇತ್ತು. ಹಾಕಿಕೊಂಡು ಫೋಟೊ ಕಳಿಸಿದಳು. ಕಂಕುಳ ಹತ್ತಿರ ಚೀಲದ ಹಾಗೆ ಜೋತು ಬಿದ್ದಿತ್ತು. ಕೇಳದೆ ಕತ್ತರಿ ಹಾಕಿದ್ದು ನನ್ನದೇ ತಪ್ಪು. ಹಾಗಾಗಿ ನಂಬರ್ ಕಳಿಸುವಾಗ ಮೈ ಅಳತೆಯೋ ಬಟ್ಟೆ ಅಳತೆಯೋ ಅಂತ ಮೊದಲೇ ಹೇಳಿಬಿಡಿ.

ಬಟ್ಟೆ ಜೊತೆ ಅಳತೆ ಬ್ಲೌಸ್ ಇಟ್ಟರೆ ಅರ್ಧ ಕೆಲಸ ಮುಗಿದ ಹಾಗೆ. ಚೆಂದದ್ದೇ ಆಗಬೇಕೆಂದಿಲ್ಲ, ಈಗ ನಿಮ್ಮ ಮೈಗೆ ಸರಿಯಾಗಿ ಕೂರುವುದು ಬೇಕು. ಹಿಗ್ಗುವ ಬಟ್ಟೆಯ ರೆಡಿಮೇಡ್ ಬ್ಲೌಸ್ ಅಳತೆಗೆ ಬೇಡವೇ ಬೇಡ. ಹಿಡಿಸದ ಜಾಗಕ್ಕೆ ಒಂದು ಚೀಟಿ ಪಿನ್ ಮಾಡಿ. "ತೋಳು ಸ್ವಲ್ಪ ಟೈಟು" ಅಂದರೆ ನನಗೆ ತಿಳಿಯುವುದಿಲ್ಲ. "ತೋಳಿನ ಸುತ್ತು ಅರ್ಧ ಇಂಚು ಜಾಸ್ತಿ ಬೇಕು" ಅನ್ನಿ.

ಬ್ಲೌಸ್ ಕಳಿಸಲು ಆಗದಿದ್ದರೆ ಹುಕ್ಕು ಹಾಕಿ, ಎಳೆಯದೆ ಮೇಜಿನ ಮೇಲೆ ಹರಡಿ. ಈ ಕಂಕುಳಿಂದ ಆ ಕಂಕುಳಿಗೆ ಅಳೆದು ಎರಡರಷ್ಟು ಮಾಡಿ. ಟೇಪ್ ಅಲ್ಲೇ ಇಟ್ಟು, ಇಂಚಿನ ಬದಿ ಕಾಣುವಂತೆ ಫೋಟೊ ತೆಗೆಯಿರಿ.

ಮೈ ಅಳತೆಯಾದರೆ ಬೇರೆಯವರ ಕೈಲಿ ತೆಗೆಸಿ. ನೀವೇ ತೆಗೆದರೆ ಬೆನ್ನ ಹಿಂದೆ ಟೇಪ್ ಜಾರಿದ್ದು ಗೊತ್ತೇ ಆಗುವುದಿಲ್ಲ. ಸೀರೆಗೆ ಹಾಕುವ ಬ್ರಾ ಆಗಲೂ ಹಾಕಿರಬೇಕು. ಬೇರೆಯದು ಹಾಕಿದರೆ ಟಕ್ಸ್, ಅಂದರೆ ಎದೆಯ ಆಕಾರಕ್ಕೆ ಹಿಡಿಯುವ ಮಡಿಕೆ, ಅದರ ಜಾಗವೇ ಬದಲಾಗುತ್ತದೆ.

ಜಾಸ್ತಿ ತಲೆನೋವು ಬೆನ್ನಿನ ಕೊರಳು. "ಹಿಂದೆ 10 ಇಂಚು ಡೀಪ್" ಅನ್ನುತ್ತಾರೆ. ಎಲ್ಲಿಂದ 10? ಭುಜದ ಹೊಲಿಗೆಯಿಂದ ನೇರ ಕೆಳಗೆ ಅಳೆಯಿರಿ, ಕುತ್ತಿಗೆಯ ಮೂಳೆಯಿಂದ ಅಲ್ಲ. ಅಷ್ಟು ಆಳ ಇಟ್ಟು ಅಗಲವೂ ಬೇಕೆಂದರೆ ಭುಜ ಜಾರದೆ ಇರುತ್ತಾ? ಅಗಲ ಕಡಿಮೆ ಮಾಡಿ, ಇಲ್ಲ ಕಟ್ಟಲು ದಾರ ಇಡಿಸಿ.

ನಮ್ಮ ಮಾವ ಇಲ್ಲಿನ ಹತ್ತಿ ಗಿರಣಿಯಲ್ಲಿ ಇದ್ದವರು. ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದ ಮನುಷ್ಯ. ನೀರು ಕಾಣದ ಹತ್ತಿ ಬಟ್ಟೆಗೆ ಕತ್ತರಿ ಹಾಕಿದರೆ ಈಗಲೂ ಬೈಯುತ್ತಾರೆ. 14 ಇಂಚಿನ ಬ್ಲೌಸ್ ನೂರಕ್ಕೆ 3 ಪಾಲು ಕುಗ್ಗಿದರೂ ಸುಮಾರು ಅರ್ಧ ಇಂಚು ಹೋಯಿತಲ್ವಾ? ಲೈನಿಂಗ್ ನೆನೆಸಿ ಒಣಗಿಸಿದ್ದಾರಾ ಅಂತ ನಿಮ್ಮ ಟೈಲರನ್ನು ಕೇಳಿ. ಪಕ್ಕದ ಹೊಲಿಗೆಯಲ್ಲಿ 1 ಇಂಚು ಬಟ್ಟೆ ಬಿಡಲೂ ಹೇಳಿ. ಸಡಿಲವಾದರೆ ಹಿಡಿಯಬಹುದು, ಒಳಗೆ ಬಟ್ಟೆ ಇಲ್ಲದೆ ಬಿಚ್ಚಲು ಬರುವುದಿಲ್ಲ.

ಹೊಸ ಟೈಲರ್ ಆದರೆ ಮೊದಲು ಒಂದೇ ಹೊಲಿಸಿ. ಪಾರ್ಸೆಲ್ ಬಂದ ದಿನವೇ ಹಾಕಿ, ಕೈ ಎತ್ತಿ, ಕೂತು ನೋಡಿ. ಮದುವೆ ಹಿಂದಿನ ರಾತ್ರಿ ಫೋನ್ ಮಾಡಿದರೆ ಪಿನ್ನು ಎಲ್ಲಿ ಚುಚ್ಚಬೇಕು ಅಂತ ಹೇಳಬಹುದು, ಅಷ್ಟೇ.