ಆಸ್ಕರ್‌ಗೆ ಜೀವಂತ ಮೀನು ಹಾಕುವ ಮುಂಚೆ

ಹಾಸನದಲ್ಲಿ ಆಸ್ಕರ್, ಅರೋವಾನಾದಂಥ ಮೀನು ತಿನ್ನುವ ದೊಡ್ಡ ಮೀನು ಸಾಕಿರುವವರಿಗೆ ಒಂದು ಮಾತು. ಅಂಗಡಿಯಿಂದ ಕವರ್‌ನಲ್ಲಿ ತಂದ ಪುಟ್ಟ ಗೋಲ್ಡ್‌ಫಿಶ್‌ಗಳನ್ನು ಹಾಗೇ ಟ್ಯಾಂಕಿಗೆ ಸುರಿಯಬೇಡಿ. ಹೋದ ಚಳಿಗಾಲದಲ್ಲಿ ನಾನು ಅದೇ ಮಾಡಿದ್ದೆ. ವಾರ ಕಳೆಯುವಷ್ಟರಲ್ಲಿ ಆಸ್ಕರ್ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ. ಪಾಪ, ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತಿತ್ತು.

ಗೋಲ್ಡ್‌ಫಿಶ್‌ನದು ಇನ್ನೊಂದು ತೊಂದರೆ. ಅದರಲ್ಲಿ ಥಯಾಮಿನೇಸ್ ಅನ್ನೋ ಕಿಣ್ವ ಇರುತ್ತದೆ. ಅದು ಬಿ1 ವಿಟಮಿನ್ ಹಾಳು ಮಾಡುತ್ತದೆ. ದಿನಾ ಅದನ್ನೇ ತಿಂದರೆ ದೊಡ್ಡ ಮೀನು ಸೊರಗುತ್ತದೆ. ಫ್ರೀಜರ್‌ನಲ್ಲಿಟ್ಟರೂ ಕಿಣ್ವ ಹೋಗುವುದಿಲ್ಲ.

ಕೊಡಲೇಬೇಕು ಅಂದ್ರೆ ಮನೆಯಲ್ಲೇ ಸಾಕಿದ ಗಪ್ಪಿ ಮೀನು ವಾಸಿ. ಟಬ್ಬಿಗೆ ನಾಲ್ಕು ಜೋಡಿ ಬಿಡಿ ಸಾಕು, ಮರಿಗೆ ಬರ ಇಲ್ಲ. ಹೊರಗಿನಿಂದ ತಂದದ್ದಾದರೆ 3 ವಾರ ಬೇರೆ ಇಟ್ಟು, ಚೆನ್ನಾಗಿ ತಿನ್ನಿಸಿ ಆಮೇಲೆ ಕೊಡಿ. ಗದ್ದೆ ಕಾಲುವೆಯ ಮೀನಂತೂ ಬೇಡವೇ ಬೇಡ.

ನಾನೀಗ ಆಸ್ಕರನ್ನು ಪೆಲೆಟ್‌ಗೆ, ಅಂದ್ರೆ ಅಂಗಡಿಯಲ್ಲಿ ಸಿಗುವ ಒಣ ಗುಳಿಗೆ ಆಹಾರಕ್ಕೆ, ಒಗ್ಗಿಸುತ್ತಿದ್ದೇನೆ. ಎರಡು ದಿನ ಏನೂ ಹಾಕದೆ, ಎರೆಹುಳುವಿನ ತುಂಡನ್ನು ಉದ್ದ ಚಿಮಟದಲ್ಲಿ ಹಿಡಿದು ನೀರಲ್ಲಿ ಅಲ್ಲಾಡಿಸಿದೆ. ಲಬಕ್ಕನೆ ಹಿಡಿಯಿತು! ಆಮೇಲೆ ಹುಳುವಿನ ಜೊತೆಗೇ ಒಂದೊಂದು ಪೆಲೆಟ್. ಸಕಲೇಶಪುರದ ಕಡೆ ತೋಟ ಇರುವವರಿಗೆ ಎರೆಹುಳು ಸುಮ್ನೆ ಸಿಗುತ್ತೆ ಅಲ್ವಾ? ಔಷಧಿ ಹೊಡೆಯದ ಜಾಗದ್ದೇ ತನ್ನಿ.